ಲೋಳೆಸರ ಮತ್ತು ಕಲಿವಿ ಕೋಡಿ

ಹೊಸೂರಿನಲ್ಲಿ ನಾನು ಗುಮಾಸ್ತನಾಗಿರುವ ಬ್ಯಾಂಕಿನ ಬಾಗಿಲ ಮೇಲೆ ಒಂದು ಲೋಳೆಸರದ ಗಿಡ ಬೇರು ಮೇಲಾಗಿ, ಎಲೆ ಕೆಳಗಾಗಿ ತೂಗುತ್ತಿದೆ. ದೃಷ್ಟಿ ತಾಗದಿರಲೆಂದು ಕಟ್ಟಡದ ಮಾಲೀಕರು ಕಟ್ಟಿಸಿದ್ದು. ಸಾಲ ಕೇಳಲು ಬರುವವರ ದೃಷ್ಟಿಯೋ, ತೀರಿಸಲು ಬರುವವರದೋ ಎಂದು ನಾವು ನಗುತ್ತೇವೆ. ಅದಕ್ಕೆ ಮಣ್ಣಿಲ್ಲ, ನೀರು ಹಾಕುವವರಿಲ್ಲ. ಆದರೂ ತಿಂಗಳುಗಳಿಂದ ಸತ್ತಿಲ್ಲ. ಎಲೆಗಳು ಒಂದಿಷ್ಟು ಸೊರಗಿ, ತುದಿಗಳು ಬೆಳಕನ್ನು ಹುಡುಕಿಕೊಂಡು ಮೇಲಕ್ಕೆ ಬಾಗಿವೆ, ಅಷ್ಟೆ. ದಿನವೂ ಅದರ ಕೆಳಗೆ ಹಾದುಹೋಗುವ ನೂರಾರು ಜನರಲ್ಲಿ ಯಾರೂ ಅದನ್ನು ನೋಡುವುದಿಲ್ಲ. ನಾನೂ ನೋಡುತ್ತಿರಲಿಲ್ಲ.

ಈ ಗಿಡಕ್ಕೆ ನಮ್ಮ ಸಂತೆಯಲ್ಲಿ ಹಲವು ಹೆಸರು. ನಮ್ಮ ಮನೆಯಲ್ಲಿ ಲೋಳೆಸರ. ಪಕ್ಕದ ಮನೆಯ ತೆಲುಗಿನವರಿಗೆ ಕಲಬಂದ. ತಮಿಳಿನ ಬಾಯಿಮಾತಿನಲ್ಲಿ ಸೋತ್ತುಕತ್ತಾಳೆ. ಕನ್ನಡದವನ ಕಿವಿಗೆ ಕತ್ತಾಳೆ ಎಂದರೆ ಬೇರೆಯೇ ಗಿಡ. ಬದುವಿನ ಮೇಲೆ ಕತ್ತಿ ಹಿರಿದು ನಿಲ್ಲುವ, ಹಗ್ಗಕ್ಕೆ ನಾರು ಕೊಡುವ ದೊಡ್ಡ ಗಿಡ. ಮಂಜೇಶ್ವರದ ಕಡೆಯಿಂದ ನಮ್ಮ ಶಾಖೆಗೆ ವರ್ಗವಾಗಿ ಬಂದಿದ್ದ ಸಹೋದ್ಯೋಗಿಯೊಬ್ಬರು ಮಲಯಾಳದಲ್ಲಿ ಇದಕ್ಕೆ ಕಟ್ಟಾರ್‌ವಾಳ ಎನ್ನುತ್ತಾರೆ ಎಂದರು. ನೋಡಿ, ಒಂದೇ ಹೆಸರು ಗಡಿ ದಾಟುವಾಗ ಗಿಡವನ್ನು ಬದಲಾಯಿಸಿಕೊಂಡಿದೆ. ಗಡಿಯಲ್ಲಿ ಇಂಥವು ನಡೆಯುತ್ತವೆ. ಈ ಪುಟಗಳನ್ನು ಓದುವವರಿಗೆ ಅದನ್ನು ನಾನು ಹೇಳಬೇಕಾಗಿಲ್ಲ.

ಆ ಸಹೋದ್ಯೋಗಿಗೆ ಅಂಚೆ ಚೀಟಿ ಕೂಡಿಸುವ ಹವ್ಯಾಸ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಮ್ಮ ಆಲ್ಬಮ್ ತಂದು 1988ರ ಒಂದು ರೂಪಾಯಿಯ ಚೀಟಿಯನ್ನು ತೋರಿಸಿದರು. ಅದರ ಮೇಲೆ ಒಂದು ಹಕ್ಕಿ. ಉದ್ದ ಕಾಲು, ದೊಡ್ಡ ಕಣ್ಣು, ಎದೆಗೆ ಅಡ್ಡಲಾಗಿ ಎರಡು ಪಟ್ಟಿ. "ಇದು ಕಡಲ ದಂಡೆಯ ಹಕ್ಕಿಗಳ ಜಾತಿ. ಆದರೆ ಕಡಲನ್ನೇ ನೋಡಿಲ್ಲ. ನಿಮ್ಮ ಕಡೆಯದೇ," ಎಂದರು. ನನಗೆ ಅದರ ಹೆಸರೂ ಗೊತ್ತಿರಲಿಲ್ಲ. ಆ ದಿನದಿಂದ ಬಾಗಿಲಿನ ಗಿಡವೂ ಚೀಟಿಯ ಹಕ್ಕಿಯೂ ನನ್ನ ತಲೆಯಲ್ಲಿ ಜೊತೆಯಾಗಿ ಕೂತಿವೆ. ಅವರು ಈಗ ತಮ್ಮ ಊರಿಗೆ ಮರಳಿದ್ದಾರೆ. ಈ ವಾರ್ಷಿಕಕ್ಕೆ ಏನಾದರೂ ಬರೆಯಿರಿ ಎಂದು ಕೇಳಿದವರೂ ಅವರೇ. ನಾನು ಸಾಹಿತಿಯಲ್ಲ, ಲೆಕ್ಕ ಬರೆಯುವವನು. ಆದ್ದರಿಂದ ಇದು ಒಂದು ಲೆಕ್ಕದ ವಿಷಯ. ಇನ್ನೂ ತಾಳೆಯಾಗದ ಲೆಕ್ಕ.

ಹಕ್ಕಿಯ ಕಥೆಯನ್ನು ಮೊದಲು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಜರ್ಡನ್ಸ್ ಕೋರ್ಸರ್ ಎಂದು ಹೆಸರು. ಮದರಾಸು ಸೇನೆಯ ವೈದ್ಯರಾಗಿದ್ದ ಥಾಮಸ್ ಜರ್ಡನ್ ಪೂರ್ವ ಘಟ್ಟದ ಕಡೆಯಲ್ಲಿ ಅದನ್ನು ಕಂಡರು. 1848ರಲ್ಲಿ ಎಡ್ವರ್ಡ್ ಬ್ಲೈತ್ ಅದಕ್ಕೆ ಶಾಸ್ತ್ರೀಯ ಹೆಸರು ಕೊಟ್ಟರು. ಕಡಪದ ಕಡೆಯ ತೆಲುಗರು ಅದನ್ನು ಕಲಿವಿ ಕೋಡಿ ಎನ್ನುತ್ತಾರೆ. ಕಲಿವಿ ಎಂದರೆ ಕವಳೆ ಜಾತಿಯ ಮುಳ್ಳುಪೊದೆ, ನಿಮ್ಮ ಕಡೆಯ ಕರಂಡೆಯ ಬಳಗ. ಕವಳೆ ಪೊದೆಯ ಕೋಳಿ ಎಂದಾಯಿತು. ಕಡಲ ದಂಡೆಯಲ್ಲಿ ಚಳಿಗಾಲಕ್ಕೆ ಬಂದು ಮರಳಿನ ಮೇಲೆ ಪುಟಪುಟನೆ ಓಡುವ ಹಕ್ಕಿಗಳಿಗೂ, ನಮ್ಮ ಕೆರೆಯಂಗಳದ ಟಿಟ್ಟಿಭಕ್ಕೂ ಇದು ದೂರದ ನೆಂಟ. ಆದರೆ ನೀರಿನ ಸಹವಾಸ ಬಿಟ್ಟು ಒಣ ಕುರುಚಲಿನಲ್ಲಿ ಮನೆ ಮಾಡಿದೆ. ಹಗಲು ಪೊದೆಯ ನೆರಳಿನಲ್ಲಿದ್ದು ರಾತ್ರಿ ಹುಳ ಹೆಕ್ಕಲು ಹೊರಡುತ್ತದೆ. ಹಾರಬಲ್ಲದು, ಆದರೂ ಓಡುವುದೇ ಹೆಚ್ಚು.

1900ರಲ್ಲಿ ಅನಂತಪುರದ ಹತ್ತಿರ ಅದನ್ನು ಕಂಡವರಿದ್ದಾರೆ. ಆಮೇಲೆ ಸುದ್ದಿಯಿಲ್ಲ. ಹುಡುಕಿದವರು ಬರಿಗೈಯಲ್ಲಿ ಹಿಂದಿರುಗಿದರು. ಅಳಿದೇ ಹೋಯಿತೆಂದು ಬರೆದವರೂ ಇದ್ದರು. 86 ವರ್ಷಗಳ ನಂತರ, 1986ರ ಜನವರಿಯಲ್ಲಿ, ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅವರ ಹುಡುಕಾಟದಲ್ಲಿ ಕಡಪ ಜಿಲ್ಲೆಯ ರೆಡ್ಡಿಪಲ್ಲಿಯ ಬಳಿ ಅದು ಮತ್ತೆ ಸಿಕ್ಕಿತು. ಸಿಕ್ಕಿದ್ದು ಹೇಗೆ ಎಂಬುದನ್ನು ಗಮನಿಸಬೇಕು. ಸ್ಥಳೀಯ ಬೇಟೆಗಾರರೊಬ್ಬರು ರಾತ್ರಿ ದೀಪದ ಬೆಳಕು ಹಾಯಿಸಿ ಅದನ್ನು ಜೀವಂತ ಹಿಡಿದರು. ಅದು ಬದುಕಲಿಲ್ಲ. ಈಗ ಸೊಸೈಟಿಯ ಸಂಗ್ರಹದಲ್ಲಿದೆ. ಎರಡು ವರ್ಷದ ನಂತರ ಆ ಜಾಗದ ಸುತ್ತ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವಾಯಿತು, ಅಂಚೆ ಚೀಟಿಯೂ ಬಂತು.

ಈ ಹಕ್ಕಿಯನ್ನು "ನಿಮ್ಮ ಕಡೆಯದೇ" ಎಂದು ಸಹೋದ್ಯೋಗಿ ಏಕೆಂದರು? ಮೊದಲು ಅತಿಶಯೋಕ್ತಿ ಎಂದುಕೊಂಡೆ. ಆಮೇಲೆ ತಿಳಿಯಿತು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ಮೊಟ್ಟೆ ಇತ್ತು. 2013ರಲ್ಲಿ ಅದು ಬೆಳಕಿಗೆ ಬಂತು. ಡಿ.ಎನ್.ಎ. ಪರೀಕ್ಷೆ ಮಾಡಿ ನೋಡಿದರೆ ಇದೇ ಹಕ್ಕಿಯದು. ಲೋಕದಲ್ಲಿ ಅದರ ಮೊಟ್ಟೆ ಎಂದು ಗೊತ್ತಿರುವುದು ಅದೊಂದೇ. ಅದನ್ನು ಎತ್ತಿದ್ದು 1917ರಲ್ಲಿ, ಕೋಲಾರದ ಚಿನ್ನದ ಗಣಿಯ ಕಡೆಯಲ್ಲಿ! ಕೆ.ಜಿ.ಎಫ್. ನಮ್ಮ ಕೃಷ್ಣಗಿರಿಗೆ ನೆರೆಯೂರು. ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ಭೂಮಿಯ ಆಳಕ್ಕಿಳಿದು ಚಿನ್ನ ತೆಗೆಯುತ್ತಿದ್ದಾಗ, ಮೇಲಿನ ಕುರುಚಲಿನಲ್ಲಿ ಚಿನ್ನಕ್ಕಿಂತ ಅಪರೂಪದ ಒಂದು ಮೊಟ್ಟೆ ನೆಲದ ಮೇಲೆ ಬಿದ್ದಿತ್ತು. ಒಡವೆ ಸಾಲದ ಕೌಂಟರಿನಲ್ಲಿ ಕೂರುವ ನನಗೆ ಈ ಸಂಗತಿ ಒಂದು ರಾತ್ರಿ ನಿದ್ದೆ ಕೆಡಿಸಿತು ಎಂದರೆ ನಗಬೇಡಿ.

ಇನ್ನೊಂದು ನಂಟೂ ಇದೆ. ನಂದಿಬೆಟ್ಟದ ಸೀಮೆಯಲ್ಲಿ ಎರಡು ಪಿನಾಕಿನಿಗಳು ಹುಟ್ಟುತ್ತವೆ. ಉತ್ತರ ಪಿನಾಕಿನಿ ಅನಂತಪುರ, ಕಡಪಗಳ ಮೇಲೆ ಹಾದು ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಅದು ಹಕ್ಕಿಯ ಸೀಮೆ. ದಕ್ಷಿಣ ಪಿನಾಕಿನಿ ನಮ್ಮ ಕೆಲವರಪಳ್ಳಿ ಅಣೆಕಟ್ಟಿಗೆ ಬಂದು, ಕೃಷ್ಣಗಿರಿಯನ್ನು ದಾಟಿ, ತೆನ್‌ಪೆಣ್ಣೈ ಎಂದು ಹೆಸರು ಬದಲಾಯಿಸಿಕೊಂಡು ಹೋಗುತ್ತದೆ. ಅಕ್ಕತಂಗಿಯರನ್ನು ಬೇರೆ ಬೇರೆ ಭಾಷೆಯ ಮನೆಗಳಿಗೆ ಕೊಟ್ಟ ಹಾಗೆ.

ಈಗ ಗಿಡದ ಕಡೆಗೆ ಬರುತ್ತೇನೆ. ಲೋಳೆಸರದ ಕಥೆ ಹಕ್ಕಿಯದಕ್ಕೆ ನೇರ ತಿರುಗುಮುರುಗು. ಹಕ್ಕಿಗೆ ಇರುವುದು ಒಂದೇ ಮನೆ. ಗಿಡ ಎಲ್ಲರ ಮನೆಯಲ್ಲೂ ಇದೆ, ಅದಕ್ಕೆ ಮಾತ್ರ ಮನೆಯಿಲ್ಲ. ಅದರ ಮೂಲ ಅರಬಸ್ಥಾನದ ಒಣ ನೆಲ ಎನ್ನುತ್ತಾರೆ ಬಲ್ಲವರು. ಆದರೆ ಜನ ಕಿತ್ತು ನೆಟ್ಟು, ನೆಟ್ಟು ಹಂಚಿ, ಎಷ್ಟು ಕಾಲವಾಯಿತೆಂದರೆ ಕಾಡಿನಲ್ಲಿ ತಾನಾಗಿ ಬೆಳೆದದ್ದು ಯಾವುದು, ಮನುಷ್ಯ ಬಿಟ್ಟುಹೋದದ್ದು ಯಾವುದು ಎಂದು ಹೇಳುವುದು ಕಷ್ಟ. ನಮ್ಮ ಮನೆಗಳಲ್ಲಿ ಅದು ಬೀಜದಿಂದ ಹುಟ್ಟುವುದೂ ಅಪರೂಪ. ಬುಡದಲ್ಲಿ ಮರಿ ಹಾಕುತ್ತದೆ. ಮರಿ ಕಿತ್ತು ಕೊಟ್ಟರೆ ಇನ್ನೊಂದು ಮನೆಯಲ್ಲಿ ಬದುಕುತ್ತದೆ. ನಮ್ಮ ಅಮ್ಮ ಒಡೆದ ಬಕೆಟ್ಟಿನಲ್ಲಿ ಇಟ್ಟಿರುವ ಗಿಡದಿಂದ ನಮ್ಮ ಬೀದಿಯ ಎಷ್ಟು ಮನೆಗೆ ಮರಿ ಹೋಗಿದೆಯೋ ಲೆಕ್ಕವಿಲ್ಲ. ಸುಟ್ಟ ಗಾಯಕ್ಕೆ, ಕೂದಲಿಗೆ, ದೃಷ್ಟಿಗೆ, ಎಲ್ಲಕ್ಕೂ ಅದೇ. ಬೇಕೆಂದಾಗ ಒಂದು ಎಲೆ ಮುರಿದರಾಯಿತು. ಕ್ಷಮೆ ಕೇಳುವವರಿಲ್ಲ.

ನನ್ನ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ಲೋಳೆಸರದ ಒಂದು ಗಿಡ ಒಣಗಿದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 1986ರಲ್ಲಿ ಆ ಒಂದು ಹಕ್ಕಿ ಕೈಯಲ್ಲಿ ಸತ್ತಾಗ ಎಷ್ಟು ಜನರ ಎದೆ ಹಿಂಡಿರಬೇಕು! ಎರಡೂ ಒಂದೊಂದು ಜೀವ. ಸಾಯುವ ಹಕ್ಕಿಗೆ ತಾನು ಅಪರೂಪ ಎಂಬುದು ಗೊತ್ತಿರಲಿಲ್ಲ. ಅದರ ಸಂಕಟ ಒಂದು ಗುಬ್ಬಿಯ ಸಂಕಟಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹಾಗಿದ್ದರೆ ಅದರ ಸಾವಿಗೆ ಹೆಚ್ಚು ತೂಕ ಬಂದದ್ದು ಎಲ್ಲಿಂದ? ಉಳಿದವುಗಳ ಎಣಿಕೆಯಿಂದ ತಾನೆ? ಒಂದು ಜೀವದ ಬೆಲೆ ಅದರೊಳಗಿರದೆ ಅದರ ಹೊರಗೆ, ಬೇರೆಯವುಗಳ ಸಂಖ್ಯೆಯಲ್ಲಿ ಇರಲು ಸಾಧ್ಯವೇ?

ಬಿ.ಎ.ಯಲ್ಲಿ ನನಗೆ ಅರ್ಥಶಾಸ್ತ್ರ ಒಂದು ವಿಷಯವಾಗಿತ್ತು. 1776ರಲ್ಲಿ ಆಡಂ ಸ್ಮಿತ್ ತನ್ನ ದೊಡ್ಡ ಗ್ರಂಥದಲ್ಲಿ ಎತ್ತಿದ ನೀರು ಮತ್ತು ವಜ್ರದ ಒಗಟು ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ನೀರಿಲ್ಲದೆ ಬದುಕಿಲ್ಲ, ಅದಕ್ಕೆ ಬೆಲೆಯಿಲ್ಲ. ವಜ್ರದಿಂದ ಏನೂ ಆಗಬೇಕಾಗಿಲ್ಲ, ಅದಕ್ಕೆ ಬೆಲೆಯುಂಟು. ಹೇರಳವಾಗಿರುವುದರ ಕೊನೆಯ ಲೋಟಕ್ಕೆ ಬೆಲೆ ಕಡಿಮೆ, ವಿರಳವಾದುದಕ್ಕೆ ಹೆಚ್ಚು ಎಂದು ಬರೆದು ಅಂಕ ಪಡೆದಿದ್ದೇನೆ. ಆದರೆ ಅದು ಬೆಲೆಯ ಮಾತು, ಯೋಗ್ಯತೆಯ ಮಾತಲ್ಲ. ನಮ್ಮ ಕೌಂಟರಿಗೆ ತಾಳಿ ಅಡವಿಡಲು ಬರುವ ಹೆಂಗಸು ತಕ್ಕಡಿಯ ಮೇಲಿನ ಗ್ರಾಮಿನ ಲೆಕ್ಕವನ್ನು ನೋಡುವಾಗ ಅವಳ ಮುಖ ನೋಡಿದವರಿಗೆ ಇವೆರಡರ ಅಂತರ ಪುಸ್ತಕವಿಲ್ಲದೆ ತಿಳಿಯುತ್ತದೆ. ಅವಳದು ಲೋಕದ ಲಕ್ಷಾಂತರ ತಾಳಿಗಳಲ್ಲಿ ಒಂದು. ಅವಳಿಗೆ ಅದು ಒಂದೇ.

ಈ ಪ್ರಶ್ನೆ ನನಗೆ ಬರಿಯ ಮಧ್ಯಾಹ್ನದ ಹರಟೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾನು ಓದಿದ್ದು ಡೆಂಕಣಿಕೋಟೆಯ ಕಡೆಯ ಒಂದು ಹಳ್ಳಿಯ ಶಾಲೆಯ ಕನ್ನಡ ವಿಭಾಗದಲ್ಲಿ. ಒಂದನೆಯ ತರಗತಿಗೆ ಸೇರಿದ್ದು 1986ರ ಜೂನ್‌ನಲ್ಲಿ; ಹಕ್ಕಿ ಸಿಕ್ಕ ವರ್ಷವೇ ಎಂದು ಈಗ ನೆನೆದರೆ ವಿಚಿತ್ರವೆನಿಸುತ್ತದೆ. ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರು ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದರು. 2016ರ ಬೇಸಿಗೆಯಲ್ಲಿ, ಬಿಸಿಲಿಗೆ ಟವೆಲ್ಲು ತಲೆಗೆ ಹಾಕಿಕೊಂಡು, ಅವರು ಹೊಸೂರಿನ ನಮ್ಮ ಮನೆಗೆ ಬಂದರು. ಮಜ್ಜಿಗೆ ಕುಡಿದರು.

"ಏನಪ್ಪಾ, ಮಗಳಿಗೆ ಆರು ತುಂಬ್ತಲ್ಲ?"

"ಹೂಂ ಮೇಷ್ಟ್ರೇ."

"ನಮ್ಮ ಸ್ಕೂಲಿಗೆ ಹಾಕು. ಅಜ್ಜಿ ಊರಲ್ಲೇ ಅವ್ರಲ್ಲ, ನೋಡ್ಕೊತಾರೆ. ಹನ್ನೊಂದು ಮಕ್ಕಳವ್ರೆ ಈಗ."

"ಒಂದು ಮಗು ಬಂದ್ರೆ ಏನಾಗ್ತದೆ ಮೇಷ್ಟ್ರೇ?"

"ಹನ್ನೆರಡಾಗ್ತದೆ," ಎಂದರು.

ಅವರು ಬೇರೆ ವಾದ ಹೂಡಲಿಲ್ಲ. ನಾಡು ನುಡಿ ಎಂದು ಭಾಷಣ ಮಾಡಲಿಲ್ಲ. ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು, ಅಷ್ಟೆ. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸುವುದು ಏನೂ ಇರಲಿಲ್ಲ. ಇಂಗ್ಲಿಷ್ ಶಾಲೆಗೆ ಶುಲ್ಕ ಕಟ್ಟಿ ಆಗಿತ್ತು. ತಮಿಳುನಾಡಿನಲ್ಲಿ 2006ರ ಕಾಯ್ದೆಯಂತೆ ತಮಿಳು ಕಡ್ಡಾಯವಾಗುತ್ತ ಬಂದು ಆ ಹೊತ್ತಿಗೆ ಹತ್ತನೆಯ ತರಗತಿಯನ್ನು ಮುಟ್ಟಿತ್ತು. ಅಲ್ಪಸಂಖ್ಯಾತರ ಮಕ್ಕಳಿಗೆ ವಿನಾಯಿತಿ ಬೇಕೆಂದು ನ್ಯಾಯಾಲಯಕ್ಕೆ ಹೋದವರಿದ್ದರು. ನಿಮ್ಮಲ್ಲೂ 2017ರಲ್ಲಿ ಮಲಯಾಳ ಕಲಿಕೆಯ ಕಾಯ್ದೆ ಬಂದಾಗ ಕಾಸರಗೋಡಿನಲ್ಲಿ ಎಂಥ ಕಳವಳವಾಯಿತೆಂದು ಸಹೋದ್ಯೋಗಿ ಹೇಳುತ್ತಿದ್ದರು. ಆದರೆ ಕಾಯ್ದೆಯ ಮೇಲೆ ಎಲ್ಲವನ್ನೂ ಹೊರಿಸುವುದು ನನ್ನ ವಿಷಯದಲ್ಲಿ ಸುಳ್ಳಾಗುತ್ತದೆ. ನಾನು ಲೆಕ್ಕ ಹಾಕಿದ್ದು ಬೇರೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಬೆಂಗಳೂರು ಇಲ್ಲಿಂದ 40 ಕಿಲೋಮೀಟರ್. ಅಷ್ಟು ದೊಡ್ಡ ಭಾಷೆಗೆ ನನ್ನ ಒಂದು ಮಗು ಯಾವ ಲೆಕ್ಕ? ಒಂದು ಎಲೆ ಮುರಿದರೆ ಲೋಳೆಸರ ಸಾಯುತ್ತದೆಯೇ?

2018ರಲ್ಲಿ ಮೇಷ್ಟ್ರು ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದಿದ್ದ ಮಕ್ಕಳು ತಮಿಳು ವಿಭಾಗಕ್ಕೆ ಸೇರಿದರು. ನನ್ನ ಮಗಳು ಸೇರಿದ್ದರೂ ಅದೇ ಆಗುತ್ತಿತ್ತು ಎಂದು ನನಗೆ ನಾನೇ ನೂರು ಸಲ ಹೇಳಿಕೊಂಡಿದ್ದೇನೆ. ಬಹುಶಃ ನಿಜವೂ ಇರಬಹುದು. ಆದರೆ ಇತರ ಮನೆಗಳಲ್ಲೂ ಒಬ್ಬೊಬ್ಬ ತಂದೆ ಇದೇ ಮಾತನ್ನು ಹೇಳಿಕೊಂಡಿದ್ದಾನೆ. ಅಂಥ ಮಾತುಗಳನ್ನು ಕೂಡಿಸಿದರೆ ಒಂದು ಬೀಗ ಹಾಕಿದ ಕೊಠಡಿ ಬರುತ್ತದೆ.

ನನ್ನ ತಪ್ಪು ಎಲ್ಲಿದೆ ಎಂದು ಹುಡುಕಿದ್ದೇನೆ. ಕನ್ನಡ ಲೋಳೆಸರದಂತೆ ಎಂದು ನಾನು ಲೆಕ್ಕ ಹಾಕಿದೆ. ಆ ಹಳ್ಳಿಯ ಕನ್ನಡ ಕಲಿವಿ ಕೋಡಿಯಾಗಿತ್ತು. ಎರಡೂ ಒಂದೇ ಭಾಷೆ. ತೆಲುಗು ತಮಿಳು ಬೆರೆತು ಹದವಾದ ನಮ್ಮ ಸೀಮೆಯ ಮಾತು ಬೆಂಗಳೂರಿನಲ್ಲಿ ಸಿಗುವುದಿಲ್ಲ. ಕುಂಬಳೆಯ ಕನ್ನಡ ಧಾರವಾಡದಲ್ಲಿ ಸಿಗದ ಹಾಗೆ. 1956ರ ನವೆಂಬರ್ 1ರಂದು ನಾವು ಎಲ್ಲಿಗೂ ಹೋಗಲಿಲ್ಲ, ಇದ್ದಲ್ಲೇ ಇದ್ದೆವು. ರಾಜ್ಯಗಳನ್ನು ಭಾಷೆಯ ಪ್ರಕಾರ ಅಳೆದು ಬೇಲಿ ಹಾಕಿದಾಗ ಇದ್ದಲ್ಲೇ ಇದ್ದವರು ವಿರಳರಾದರು. ಜನಗಣತಿಯ ದೊಡ್ಡ ಅಂಕಿ ನನಗೆ ಕೊಟ್ಟ ಧೈರ್ಯ ಬೇರೆಯವರ ಖಾತೆಯ ಹಣವನ್ನು ನೋಡಿ ಶ್ರೀಮಂತನಾದವನ ಧೈರ್ಯ.

ಇಷ್ಟು ಹೇಳಿ ಇಲ್ಲಿಗೇ ಬಿಟ್ಟರೆ ಓದುಗರು ತಲೆದೂಗಬಹುದು. ಆದರೆ ಇದಕ್ಕೆ ಇನ್ನೊಂದು ಮುಖವಿದೆ. ಅದನ್ನು ತೋರಿಸಿದವಳು ಮಗಳೇ. ಈಗ ಹತ್ತನೆಯ ತರಗತಿ. ಈ ಹಕ್ಕಿಯ ಕಥೆ, ಮೇಷ್ಟ್ರ ಕಥೆ ಎರಡನ್ನೂ ಅವಳಿಗೆ ಹೇಳಿದೆ. ನನ್ನ ಪಶ್ಚಾತ್ತಾಪವನ್ನೂ ಸ್ವಲ್ಪ ಬೆರೆಸಿರಬೇಕು. ಅವಳು ಕೇಳಿಸಿಕೊಂಡು, "ಹಂಗಾದ್ರೆ ನಾನು ಹನ್ನೆರಡನೇದು, ಅಷ್ಟೇನಾ ಅಪ್ಪಾ?" ಎಂದಳು.

ನನಗೆ ಉತ್ತರ ತೋಚಲಿಲ್ಲ. ಇದು ಸರಿಯಾದ ಪ್ರಶ್ನೆ. ವಿರಳವಾದುದನ್ನು ಉಳಿಸುವವರ ಕೈಯಲ್ಲಿ ಪ್ರತಿಯೊಂದು ಜೀವವೂ ಒಂದು ಅಂಕಿಯಾಗುತ್ತದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಹಕ್ಕಿಯ ಸಂಖ್ಯೆ 50ರಿಂದ 249 ಎಂದು ಅಂದಾಜು ಮಾಡಿದ್ದಾರೆ. (ಆ 249 ನನಗೆ ತುಂಬ ಹಿಡಿಸಿತು. 250 ಆದರೆ ಬೇರೆ ಕಾಲಮ್ಮಿಗೆ ಹೋಗಬೇಕಾಗುತ್ತದೆ ಎಂಬುದು ಲೆಕ್ಕ ಬರೆಯುವವನಿಗೆ ಮಾತ್ರ ತಿಳಿಯುವ ಸುಖ.) ಹಕ್ಕಿಗೆ ಈ ಅಂಕಿಯಿಂದ ನೋವಿಲ್ಲ. ಮಗುವಿಗೆ ಇದೆ. ನೀನು ಕನ್ನಡ ಕಲಿ, ಏಕೆಂದರೆ ನಾವು ಕಡಿಮೆ ಇದ್ದೇವೆ ಎಂದು ಹೇಳುವುದು ಮಗುವಿಗೆ ಕೊಡುವ ಕಾರಣವೇ? ಭಾಷೆ ಬೆಳೆಯುವುದು ಅದರಲ್ಲಿ ಬೈಯಲು, ನಗಲು, ಸುಳ್ಳು ಹೇಳಲು, ಕಥೆ ಕೇಳಲು ಸುಖವಿದೆ ಎಂಬ ಕಾರಣಕ್ಕೆ. ಅಳಿಯುತ್ತಿದೆ ಎಂಬ ಒಂದೇ ಕಾರಣಕ್ಕೆ ಮಕ್ಕಳನ್ನು ಕಲಿಸಲು ಕೂರಿಸಿದರೆ ಅವರು ಕಾವಲುಗಾರರಾಗುತ್ತಾರೆ, ಮಾತಾಡುವವರಾಗುವುದಿಲ್ಲ. ಮೇಷ್ಟ್ರಿಗೆ ಅದು ಗೊತ್ತಿತ್ತು. ಶಾಲೆಯಲ್ಲಿ ಅವರು ನಮಗೆ ಕಥೆ ಹೇಳುತ್ತಿದ್ದರೇ ಹೊರತು ಕನ್ನಡ ಉಳಿಸಿ ಎಂದು ಒಮ್ಮೆಯೂ ಹೇಳಿದ್ದು ನೆನಪಿಲ್ಲ. ಎಣಿಕೆ ಅವರ ಬಾಯಿಗೆ ಬಂದದ್ದು ಹನ್ನೊಂದಕ್ಕೆ ಇಳಿದ ಮೇಲೆ.

ಅವರು ಹೇಳುತ್ತಿದ್ದ ಕಥೆಗಳಲ್ಲಿ ಒಂದು ಪಂಚತಂತ್ರದ ಟಿಟ್ಟಿಭದ್ದು. ಕಡಲ ದಂಡೆಯಲ್ಲಿ ಮೊಟ್ಟೆಯಿಟ್ಟ ಸಾಮಾನ್ಯ ಹಕ್ಕಿ. ಸಮುದ್ರ ಸೊಕ್ಕಿನಿಂದ ಮೊಟ್ಟೆಗಳನ್ನು ಒಯ್ಯುತ್ತದೆ. ಹಕ್ಕಿ ತನ್ನ ಬಳಗವನ್ನೆಲ್ಲ ಕೂಡಿಸಿ ಗರುಡನವರೆಗೆ ದೂರು ಒಯ್ದು, ಕೊನೆಗೆ ವಿಷ್ಣುವೇ ಸಮುದ್ರವನ್ನು ಗದರಿಸಿ ಮೊಟ್ಟೆ ವಾಪಸು ಕೊಡಿಸುತ್ತಾನೆ. ಟಿಟ್ಟಿಭ ಅಪರೂಪದ ಹಕ್ಕಿಯಲ್ಲ, ಕೆರೆಕೆರೆಗೂ ಇದೆ. ಅಳಿವಿನಂಚಿನಲ್ಲಿದ್ದೇನೆ ಎಂದು ಅದು ಗರುಡನಿಗೆ ಹೇಳಲಿಲ್ಲ. ಮೊಟ್ಟೆ ನನ್ನದು ಎಂದಿತು. ಪುಣ್ಯಕೋಟಿಯ ಕಥೆಯೂ ಹಾಗೆಯೇ. ದೊಡ್ಡ ಮಂದೆಯಲ್ಲಿ ಒಂದು ಹಸು. ಹುಲಿಗೆ ಎಲ್ಲ ಹಸುವೂ ಒಂದೇ. ಆದರೆ ದೊಡ್ಡಿಯಲ್ಲಿ ಕಾಯುತ್ತಿರುವ ಕರುವಿಗೆ ಅವಳೊಬ್ಬಳೇ. ನಿಮ್ಮ ಕಡೆಯ ಕ್ರೈಸ್ತ ಗೆಳೆಯರು ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಹುಡುಕಿದ ಕುರುಬನ ಕಥೆಯನ್ನು ಹೇಳುತ್ತಾರೆ. ಅಲ್ಲೂ ಆ ಕುರಿ ವಿರಳ ಜಾತಿಯದಲ್ಲ. ಸಾಮಾನ್ಯವಾದುದರಲ್ಲಿ ಒಂದನ್ನು ಒಂದಾಗಿ ನೋಡುವುದನ್ನು ನಮ್ಮ ಹಿರಿಯರು ಎಣಿಕೆಯಿಲ್ಲದೆ ಬಲ್ಲವರಾಗಿದ್ದರು. ನಮಗೆ ಅದು ಮರೆತಿದೆ. ಅದಕ್ಕೇ ಕೆಂಪು ಪಟ್ಟಿ ಬೇಕಾಗಿದೆ.

ಸಾಮಾನ್ಯವಾದುದನ್ನು ಕಾಣದಿರುವುದು ಎಷ್ಟು ಅಪಾಯ ಎಂಬುದಕ್ಕೆ ನನ್ನ ಬಾಲ್ಯದ ಒಂದು ಸಾಕ್ಷಿಯಿದೆ. ಊರಿನ ಹೊರಗೆ ದನ ಸತ್ತರೆ ಹದ್ದುಗಳು, ರಣಹದ್ದುಗಳು ಇಳಿಯುತ್ತಿದ್ದವು. ಅಸಹ್ಯದಿಂದ ಕಲ್ಲು ಬೀರುತ್ತಿದ್ದೆವು. ಅವು ಇಲ್ಲವಾದದ್ದು ಯಾವಾಗ ಎಂದು ನಮಗೆ ಗೊತ್ತೇ ಆಗಲಿಲ್ಲ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಹೆಣದ ಮೂಲಕ ಅವುಗಳ ಮೂತ್ರಪಿಂಡ ಸೇರಿ ಕೊಂದಿತು. ಬಿಳಿ ಬೆನ್ನಿನ ರಣಹದ್ದು 1992ರಿಂದ 2007ರೊಳಗೆ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಅಳಿಯಿತು. ದನಗಳಿಗೆ ಆ ಔಷಧಿಯನ್ನು ನಿಷೇಧಿಸಿದ್ದು 2006ರಲ್ಲಿ. ನಮ್ಮ ನೆರೆಯ ರಾಮನಗರದ ಬಂಡೆಗಳಲ್ಲಿ ಉದ್ದ ಕೊಕ್ಕಿನ ಕೆಲವು ಉಳಿದಿದ್ದವೆಂದು 2012ರಲ್ಲಿ ಅಲ್ಲೊಂದು ರಣಹದ್ದುಧಾಮ ಮಾಡಿದರು. ಆಕಾಶ ತುಂಬಿದ್ದಾಗ ಯಾರೂ ಎಣಿಸಿರಲಿಲ್ಲ. ಲೋಳೆಸರ ಎಂದು ತಿಳಿದದ್ದು ನಮ್ಮ ಕಣ್ಣೆದುರೇ ಕಲಿವಿ ಕೋಡಿಯಾಯಿತು, ಹದಿನೈದೇ ವರ್ಷದಲ್ಲಿ.

ಕಲಿವಿ ಕೋಡಿಯನ್ನು ಅಭ್ಯಾಸ ಮಾಡಿದವರು ಕಂಡುಕೊಂಡ ಒಂದು ಸಂಗತಿಯನ್ನು ಹೇಳಲೇಬೇಕು. ಈ ಹಕ್ಕಿ ಕಣ್ಣಿಗೆ ಬೀಳುವುದೇ ಕಷ್ಟ. ಅದಕ್ಕಾಗಿ ಅವರು ಕುರುಚಲಿನಲ್ಲಿ ನುಣುಪು ಮಣ್ಣಿನ ಪಟ್ಟಿಗಳನ್ನು ಹಾಸಿ, ಬೆಳಗ್ಗೆ ಹೋಗಿ ಹೆಜ್ಜೆಗುರುತು ನೋಡುತ್ತಿದ್ದರು. (ನಮ್ಮ ತಾಯಂದಿರು ಬಾಗಿಲಿನ ಮುಂದೆ ರಂಗೋಲಿ ಹುಡಿಯ ಮೇಲೆ ಇರುವೆಯ ಜಾಡು ನೋಡುವ ಹಾಗೆ.) ಹಾಗೆ ನೋಡಿದಾಗ ತಿಳಿದದ್ದು: ಪೊದೆ ತೀರ ದಟ್ಟವಾದರೂ ಹಕ್ಕಿ ಇರುವುದಿಲ್ಲ, ತೀರ ಬೋಳಾದರೂ ಇರುವುದಿಲ್ಲ. ನಡುವೆ ಓಡಾಡಲು ಬಯಲಿರಬೇಕು, ಅಡಗಲು ಪೊದೆಯೂ ಇರಬೇಕು. ಸೌದೆ ಕಡಿಯುವುದು, ದನ ಆಡು ಮೇಯಿಸುವುದು ಮಿತಿ ಮೀರಿದರೆ ಕೇಡು; ಪೂರ್ತಿ ನಿಲ್ಲಿಸಿದರೂ ಪೊದೆ ಕೂಡಿಕೊಂಡು ಕೇಡು. ಎಂದರೆ ಆ ಅಪರೂಪದ ಹಕ್ಕಿ ಬದುಕಿರುವುದು ತೀರ ಸಾಮಾನ್ಯವಾದ ಮುಳ್ಳುಪೊದೆಗಳ ನಡುವೆ, ಸಾಮಾನ್ಯ ಜನರ ಆಡುಗಳ ಕಾಲಿನ ಅಳತೆಯಲ್ಲಿ. ಸರ್ಕಾರದ ಕಡತಗಳಲ್ಲಿ ಅಂಥ ನೆಲಕ್ಕೆ ಬರೆಯುವ ಹೆಸರು ಬಂಜರು. ಅದೇ ನೆಲದಲ್ಲಿ ತೆಲುಗು ಗಂಗಾ ಕಾಲುವೆಯೂ ಹಾದುಹೋಗಬೇಕಿತ್ತು. ಕೃಷ್ಣೆಯ ನೀರನ್ನು ಚೆನ್ನೈನ ಬಾಯಾರಿಕೆಗೆ ಒಯ್ಯುವ ಯೋಜನೆಯದು. ಆಕ್ಷೇಪಗಳ ನಂತರ ಕಾಲುವೆಯ ದಾರಿಯನ್ನು ಬದಲಾಯಿಸಿದರು. ಬಾಯಾರಿದವರು ಒಂದು ಕಡೆ, ಹಕ್ಕಿ ಒಂದು ಕಡೆ. ಇಲ್ಲಿ ನೀರೂ ವಜ್ರವೂ ಆಡಂ ಸ್ಮಿತ್‌ನ ಪುಸ್ತಕದಲ್ಲಿದ್ದಷ್ಟು ಬೇರೆ ಬೇರೆಯಾಗಿ ನಿಲ್ಲುವುದಿಲ್ಲ.

ಆಮೇಲೆ ಬಹಳ ವರ್ಷ ಹಕ್ಕಿಯ ಸುದ್ದಿ ಇರಲಿಲ್ಲ. ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಬಂದು ಬದುಕಿದ್ದೇವೆ ಎಂದು ರುಜು ಹಾಕಿಹೋಗುವುದನ್ನು ನಾನು ನೋಡುತ್ತೇನೆ. ಬಾರದವರ ಹೆಸರಿನ ಮುಂದೆ ಒಂದು ಗುರುತು ಬೀಳುತ್ತದೆ. ಹಕ್ಕಿಯ ಹೆಸರಿನ ಮುಂದೆಯೂ ಆ ಗುರುತು ಬಿದ್ದಿತ್ತು. 2025ರ ಆಗಸ್ಟಿನಲ್ಲಿ ಆಂಧ್ರದ ಕುರುಚಲಿನಲ್ಲಿ ಕೆಲವು ಪಕ್ಷಿವೀಕ್ಷಕರು ರಾತ್ರಿ ಅದರ ಕೂಗನ್ನು ಕೇಳಿ ಧ್ವನಿ ಮುದ್ರಿಸಿಕೊಂಡರು. ಈ ಸಲ ಯಾರೂ ಹಿಡಿಯಲಿಲ್ಲ. ಕೂಗನ್ನು ಮಾತ್ರ ತಂದರು. 1986ಕ್ಕೂ 2025ಕ್ಕೂ ನಡುವೆ ಮನುಷ್ಯನ ಕೈ ಇಷ್ಟಾದರೂ ಕಲಿತಿದೆ.

ಮಗಳಿಗೆ ಏನು ಉತ್ತರ ಹೇಳಿದೆ ಎಂದು ನೀವು ಕೇಳಬಹುದು. ಆ ರಾತ್ರಿ ಏನೂ ಹೇಳಲಿಲ್ಲ. ಮಾರನೆಯ ಭಾನುವಾರ ಹಳ್ಳಿಗೆ ಹೋದೆವು. ಅಮ್ಮ ಬಕೆಟ್ಟಿನ ಗಿಡದಿಂದ ಒಂದು ಮರಿ ಕಿತ್ತು ಅವಳ ಕೈಗೆ ಕೊಟ್ಟು, "ನೀರು ಹೆಚ್ಚು ಹುಯ್ಯಬ್ಯಾಡ ಕಣಮ್ಮಿ, ಕೊಳ್ತೋಗ್ತದೆ. ಮರೆತ್ರೂ ಬದುಕ್ತದೆ ಇದು. ಪೂರಾ ಮರೀಬ್ಯಾಡ," ಎಂದರು. ಮಗಳು ಅಜ್ಜಿಯ ಹತ್ತಿರ ಮಾತಾಡುವ ಕನ್ನಡ ಶಾಲೆಯದಲ್ಲ. ಅದರಲ್ಲಿ ಬೈಗುಳವೂ ಇದೆ, ತಮಿಳೂ ಇದೆ. ಓದಲು ಬರುವುದಿಲ್ಲ. ಅಕ್ಷರ ಕೂಡಿಸಿ ಬೋರ್ಡು ಓದುತ್ತಾಳೆ. ಒತ್ತಕ್ಷರ ಬಂದರೆ ನನ್ನ ಮುಖ ನೋಡುತ್ತಾಳೆ.

ಮೇಷ್ಟ್ರು ಪ್ರತಿ ತಿಂಗಳ ಮೊದಲ ವಾರ ಹಣ ತೆಗೆಯಲು ನಮ್ಮ ಶಾಖೆಗೆ ಬರುತ್ತಾರೆ. ಎ.ಟಿ.ಎಂ. ಕಾರ್ಡು ಬೇಡ ಎಂದಿದ್ದಾರೆ. ಚೀಟಿ ತುಂಬಿ ರುಜು ಹಾಕುತ್ತಾರೆ, ಕನ್ನಡದಲ್ಲಿ. ನನ್ನ ಕೌಂಟರಿಗೆ ಬರುವ ರುಜುಗಳಲ್ಲಿ ಕನ್ನಡದ್ದು ಅದೊಂದೇ. ಹೊಸದಾಗಿ ಬಂದ ಅಧಿಕಾರಿಗೆ ಅದನ್ನು ತಾಳೆ ನೋಡಲು ಬರುವುದಿಲ್ಲ. ಚೀಟಿಯನ್ನು ನನ್ನ ಕಡೆಗೆ ತಳ್ಳುತ್ತಾರೆ. ನಾನು ಕಾರ್ಡಿನ ಮೇಲಿನ ರುಜುವನ್ನೂ ಚೀಟಿಯದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಕೈ ಸ್ವಲ್ಪ ನಡುಗುತ್ತಿದೆ, ಆದರೆ ಅಕ್ಷರ ಅದೇ. ನನ್ನ ಕೈ ಹಿಡಿದು ತಿದ್ದಿಸಿದ ಅಕ್ಷರ.

ಕಳೆದ ಸಲ ಹಣ ಎಣಿಸಿಕೊಳ್ಳುತ್ತ, "ಮಗಳು ಹತ್ತನೇ ಕ್ಲಾಸೇನಪ್ಪಾ?" ಎಂದರು.

"ಹೌದು ಮೇಷ್ಟ್ರೇ."

"ಕನ್ನಡ ಓದ್ತಾಳಾ?"

"ಬೋರ್ಡು ಓದ್ತಾಳೆ. ಒತ್ತಕ್ಷರ ಬರಲ್ಲ."

ಅವರು ನೋಟುಗಳನ್ನು ಮಡಚಿ ಒಳಜೇಬಿಗೆ ಹಾಕಿಕೊಂಡರು. "ಬೇಸಿಗೆ ರಜದಲ್ಲಿ ಕಳಿಸು. ನಂಗೂ ಹೊತ್ತು ಹೋಗಲ್ಲ," ಎಂದರು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗತೊಡಗಿದ್ದರು. ಮೇಷ್ಟ್ರು ಪಾಸ್ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬಾಗಿಲ ತನಕ ಹೋದವರು, ತಲೆಗೆ ತಾಗಿದ ಲೋಳೆಸರದ ಎಲೆಯನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಹೊರಗಿಳಿದರು.